ಕಾಕಾನ ಝೆರಾಕ್ಸ್ ಅಂಗಡಿಗೆ ಲಿನಕ್ಸ್ ಹಾಕಿದ್ದು: ಪ್ರಿಂಟರ್, ಕೀಬೋರ್ಡ್ ಮತ್ತು ಇತರೆ ತಂಟೆಗಳು

ಗದಗಿನ ಮುಳಗುಂದ ನಾಕಾ ಕಡೆ ನಮ್ಮ ಕಾಕಾಂದು ಒಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆಯುವುದು, ಆನ್‌ಲೈನ್ ಅರ್ಜಿ ತುಂಬುವುದು, ಬಾಂಡ್ ಟೈಪ್ ಮಾಡುವುದು, ಲಗ್ನಪತ್ರಿಕೆ ಡಿಸೈನ್, ಎಲ್ಲಾ ಅಲ್ಲೇ. ಕಂಪ್ಯೂಟರ್ ನಾಲ್ಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ ಅದು ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು ಅನ್ನುತ್ತದೆ. ಇಂಟೆಲ್ ಆದರೆ ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಕೇಳುತ್ತದೆ. ಈ ಅಂಗಡಿಯ ಹೊಸ ಮಷೀನೇ ಐದನೇ ಜನರೇಷನ್ ಲ್ಯಾಪ್‌ಟಾಪ್!

"ಹೊಸಾವು ನಾಕು ತಗೋಬೇಕಂದ್ರ ಅಂಗಡೀನ ಮಾರಬೇಕಾಕ್ಕೈತಿ. ನೀ ಏನರ ಮಾಡಪಾ," ಅಂದರು ಕಾಕಾ.

ಹಾಗಾಗಿ ವಿಂಡೋಸ್ ಬದಲಿಗೆ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕೋಣ ಅಂದುಕೊಂಡೆ. ಅದರಲ್ಲಿ ಹಲವು ಬಗೆ ಇವೆ, ಯಾವುದು ಒಳ್ಳೆಯದು ಅನ್ನೋ ವಾದದಲ್ಲಿ ನನಗೆ ಜಾಸ್ತಿ ಆಸಕ್ತಿ ಇಲ್ಲ. ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಂಡೆ. ಇದು ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಅಪ್‌ಡೇಟ್ ಬರುತ್ತದೆ, ಹಳೆ ಮಷೀನಿಗೆ ಭಾರವಾಗುವುದಿಲ್ಲ. ಕೆಳಗೆ ಎಡಕ್ಕೆ ಮೆನು, ಬಲಕ್ಕೆ ಗಡಿಯಾರ. ಟೈಪಿಂಗ್ ಮಾಡುವ ಅಕ್ಕ ಅದನ್ನು ನೋಡಿ ಗಾಬರಿ ಆಗಲಿಲ್ಲ, ಅಷ್ಟು ಸಾಕು.

ಪೆನ್‌ಡ್ರೈವ್ ಹಾಕುವ ಮೊದಲು ಕೌಂಟರ್ ಹತ್ತಿರ ಕೂತು ದಿನಪೂರ್ತಿ ಏನೇನು ಕೆಲಸ ಬರುತ್ತದೆ ಅಂತ ಸುಮ್ನೆ ನೋಡಿದೆ. ಬ್ರೌಸರ್, ಪಿಡಿಎಫ್, ಪ್ರಿಂಟ್, ಕನ್ನಡ ಟೈಪಿಂಗ್, ಫೋಟೋ ಸೈಜ್ ಕಡಿಮೆ ಮಾಡುವುದು. ಮುಕ್ಕಾಲು ಕೆಲಸ ಇಷ್ಟೇ. ಇದರ ಹೊರಗೆ ಉಳಿದದ್ದು ಎರಡು. ಒಂದು, ಬೆರಳಚ್ಚು ಸಾಧನ. ಅದರ ಜೊತೆ ಬಂದ ಸಾಫ್ಟ್‌ವೇರ್ ವಿಂಡೋಸಿನದು. ಎರಡು, ಪೇಜ್‌ಮೇಕರ್ ಅನ್ನೋ ಪುಟ ವಿನ್ಯಾಸದ ಹಳೆ ವಿಂಡೋಸ್ ಪ್ರೋಗ್ರಾಂ. ಲಗ್ನಪತ್ರಿಕೆ, ಕರಪತ್ರ, ಜಾತ್ರೆಯ ಹ್ಯಾಂಡ್‌ಬಿಲ್‌ಗಳ ಹಳೆ ಫೈಲುಗಳೆಲ್ಲ ಪೇಜ್‌ಮೇಕರಿನಲ್ಲೇ ಇವೆ, ಎಲ್ಲಾ ನುಡಿ ಫಾಂಟಿನಲ್ಲಿ.

ಹಾಗಾಗಿ ಪೇಜ್‌ಮೇಕರ್ ಇರುವ ಮಷೀನಿಗೆ ಕೈ ಹಚ್ಚಲಿಲ್ಲ. ಅದರ ನೆಟ್ ವೈರ್ ಕಿತ್ತು ಪಕ್ಕಕ್ಕಿಟ್ಟೆ. ಫೈಲ್ ಕೊಡೋದು ತಗೊಳ್ಳೋದು ಪೆನ್‌ಡ್ರೈವಿನಲ್ಲಿ. ವಿಂಡೋಸ್ ಪ್ರೋಗ್ರಾಂ ನಡೆಸುವ ವೈನ್ ಅನ್ನೋ ಸಾಫ್ಟ್‌ವೇರ್ ಹಾಕಿ ಲಿನಕ್ಸಿನಲ್ಲೇ ಪೇಜ್‌ಮೇಕರ್ ಓಡಿಸಬಹುದು ಅನ್ನುವವರಿದ್ದಾರೆ. ಓಡಬಹುದೇನೋ. ಆದರೆ ಶುಕ್ರವಾರ ಲಗ್ನ, ಬುಧವಾರ ಪತ್ರಿಕೆ ಕೊಡಬೇಕು ಅನ್ನೋ ಗಿರಾಕಿ ಎದುರಿಗೆ ನಿಂತಾಗ ಆ ಪ್ರಯೋಗ ಬೇಡ.

ಇನ್ನು ಮೂರು. ಕೌಂಟರಿನದು ಎಚ್61 ಮದರ್‌ಬೋರ್ಡಿನ ಅಸೆಂಬಲ್ಡ್ ಮಷೀನು. ಮೂರನೇ ಜನರೇಷನ್ ಐ3, 4 ಜಿಬಿ ರ‍್ಯಾಮ್. ಒಳಗಿನ ಕೋಣೆಯಲ್ಲಿ ಅದಕ್ಕಿಂತ ಹಳೆಯದು: ಜಿ41 ಬೋರ್ಡ್, ಪೆಂಟಿಯಂ ಡ್ಯುಯಲ್ ಕೋರ್, 2 ಜಿಬಿ ರ‍್ಯಾಮ್. ಮೂರನೆಯದು ಲ್ಯಾಪ್‌ಟಾಪ್.

ಕೌಂಟರ್ ಮಷೀನು ಬಿಚ್ಚಿದಾಗ ಮೊದಲು ಕಂಡದ್ದು ಧೂಳು. ಗದಗಿನ ಗಾಳಿ ಗೊತ್ತಲ್ಲ, ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಪ್ರೊಸೆಸರ್ ಫ್ಯಾನಿನ ಕೆಳಗಿನ ಹೀಟ್‌ಸಿಂಕ್ ಮೇಲೆ ಧೂಳು ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಬ್ಲೋವರ್ ಹಿಡಿದು ಹೊರಗೆ ಹಾಕಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಬೆರಳು ಒತ್ತಿ ಹಿಡಿಯಿರಿ. ಗಾಳಿಗೆ ಅದು ಜೋರಾಗಿ ತಿರುಗಿದರೆ ಬೇರಿಂಗ್ ಕೆಡುತ್ತದೆ.

ಆಮೇಲೆ ಲೈವ್ ಪೆನ್‌ಡ್ರೈವ್, ಅಂದರೆ ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸಿ ನೋಡುವ ಪೆನ್‌ಡ್ರೈವ್. ವೆಂಟಾಯ್ ಅನ್ನೋ ಪ್ರೋಗ್ರಾಂ ಹಾಕಿದ ಪೆನ್‌ಡ್ರೈವಿಗೆ ಮಿಂಟಿನ ಐಎಸ್ಒ ಫೈಲ್ (ಇನ್‌ಸ್ಟಾಲ್ ಮಾಡುವ ಫೈಲ್) ಕಾಪಿ ಮಾಡಿದರೆ ಸಾಕು, ಬೇರೆ ಏನೂ ಬೇಡ. ಕಾಪಿ ಮಾಡುವ ಮೊದಲು ಫೈಲ್ ಸರಿಯಾಗಿ ಇಳಿದಿದೆಯೇ ಅಂತ ತಿಳಿಸುವ ಚೆಕ್‌ಸಮ್ ಮಾತ್ರ ತಾಳೆ ನೋಡಿ. ಹಾಟ್‌ಸ್ಪಾಟಿನಲ್ಲಿ ಮೂರು ಜಿಬಿ ಹತ್ತಿರದ ಫೈಲ್ ಇಳಿಸುವಾಗ ನಡುವೆ ಏನು ಬೇಕಾದರೂ ಆಗಬಹುದು. ಹಾಳಾದ ಫೈಲಿನಿಂದ ಇನ್‌ಸ್ಟಾಲ್ ಮಾಡಿದರೆ ತಪ್ಪು ಎಲ್ಲಿದೆ ಅಂತ ಹುಡುಕೋದರಲ್ಲೇ ದಿನ ಹೋಗುತ್ತದೆ.

ಲೈವ್‌ನಲ್ಲೇ ಡಿಸ್ಕ್ಸ್ ಅನ್ನುವ ಪ್ರೋಗ್ರಾಂ ತೆಗೆದು ಹಾರ್ಡ್‌ಡಿಸ್ಕಿನ ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕಿನ ಆರೋಗ್ಯದ ಲೆಕ್ಕ ನೋಡಿದೆ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಜಾಗಕ್ಕೆ ಹೋದ ಭಾಗಗಳು) ಎದುರಿಗೆ ಸೊನ್ನೆ ಇರಬೇಕಿತ್ತು, ಇರಲಿಲ್ಲ. ಪೆಂಡಿಂಗ್ ಸೆಕ್ಟರ್ (ಓದಲು ತೊಂದರೆ ಕೊಡುವ ಭಾಗಗಳು) ಕೂಡ ಸೊನ್ನೆ ಅಲ್ಲ. ಮಷೀನು ನಿಧಾನ ಆಗಿದ್ದಕ್ಕೆ ವಿಂಡೋಸನ್ನು ಬೈಯುತ್ತಿದ್ದರು. ಅರ್ಧ ಕಾರಣ ಇದೇ. ಡಿಸ್ಕು ಒಂದೊಂದು ಸೆಕ್ಟರನ್ನೂ ಮತ್ತೆ ಮತ್ತೆ ಓದಲು ಹೋಗಿ ತಿಣುಕುತ್ತಿತ್ತು.

ಹಳೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಇಲ್ಲ. ಕಳಚಿ, ಮೇಲೆ ತಾರೀಕು ಬರೆದು ಡ್ರಾವರಿನಲ್ಲಿಟ್ಟೆ. ಹುಬ್ಬಳ್ಳಿಯಿಂದ ಎರಡು 240 ಜಿಬಿ ಸಾಟಾ ಎಸ್‌ಎಸ್‌ಡಿ ತರಿಸಿ ಅವುಗಳ ಮೇಲೆ ಮಿಂಟ್ ಹಾಕಿದೆ. ಅಂಗಡಿಗೆ ಕೆಲಸ ಮಾಡಿಕೊಡುವಾಗ ಡ್ಯುಯಲ್ ಬೂಟಿಗಿಂತ (ಒಂದೇ ಮಷೀನಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇಡುವುದಕ್ಕಿಂತ) ಇದು ವಾಸಿ. ಏನಾದರೂ ಕೈಕೊಟ್ಟರೆ ಸ್ಕ್ರೂ ಬಿಚ್ಚಿ ಹಳೆ ಡಿಸ್ಕು ಹಾಕಿದರೆ ಹಳೆ ಮಷೀನು ಹಾಗೇ ವಾಪಸ್. ಕಾಕಾನಿಗೆ ಧೈರ್ಯ ಬಂದದ್ದೂ ಈ ಮಾತಿಗೇ. ಫೈಲುಗಳನ್ನು ಯುಎಸ್‌ಬಿ ಕೇಬಲಿನಿಂದ ನಿಧಾನಕ್ಕೆ ಎಳೆದುಕೊಂಡೆವು. ವಿಂಡೋಸ್ ಫಾಸ್ಟ್ ಸ್ಟಾರ್ಟಪ್‌ನಲ್ಲಿ ಅರ್ಧ ನಿದ್ದೆ ಮಾಡಿದ್ದ ಡಿಸ್ಕು ಆದ್ದರಿಂದ ಲಿನಕ್ಸ್ ಅದನ್ನು ಓದಲು ಮಾತ್ರ ತೆರೆಯಿತು. ನಮಗೆ ಬೇಕಿದ್ದದ್ದೂ ಅಷ್ಟೇ.

ಇನ್‌ಸ್ಟಾಲ್ ಬಗ್ಗೆ ಹೇಳೋಕೆ ಏನೂ ಇಲ್ಲ. ಭಾಷೆ, ಕೀಬೋರ್ಡ್, ಸಮಯ ವಲಯ, ಹೆಸರು, ಪಾಸ್‌ವರ್ಡ್. ಒಂದು ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು.

ಜಿ41 ಮಷೀನು ಹಾಗಲ್ಲ. ಆನ್ ಮಾಡಿದರೆ ಸಿಮಾಸ್ ಚೆಕ್‌ಸಮ್ ಎರರ್, ಎಫ್1 ಒತ್ತಿ. ಒತ್ತಿದರೆ ಗಡಿಯಾರದಲ್ಲಿ 2009ನೇ ಇಸವಿ. ತಾರೀಕು, ಸೆಟ್ಟಿಂಗು ಉಳಿಸಿಕೊಳ್ಳಲು ಬೋರ್ಡ್ ಮೇಲೆ ಇರುವ ಸಿಆರ್2032 ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಪ್ರತಿ ಸಲ ಬೂಟ್ ಆರ್ಡರ್ ಕೂಡ ಮರೆತು ಹೋಗುತ್ತಿತ್ತು. ನೆಟ್ ಸಿಕ್ಕ ಮೇಲೆ ಲಿನಕ್ಸ್ ತಾನೇ ಸಮಯ ಸರಿ ಮಾಡಿಕೊಳ್ಳುತ್ತದೆ ನಿಜ. ಆದರೆ ಅದು ಸರಿಯಾಗುವ ಮೊದಲೇ ಅಪ್‌ಡೇಟ್ ಒತ್ತಿದರೆ "ಈ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ" ಅನ್ನೋ ಅರ್ಥದ ಎರರ್ ಬರುತ್ತದೆ, ಬ್ರೌಸರಿನಲ್ಲಿ ಯಾವ ಸೈಟೂ ತೆರೆಯುವುದಿಲ್ಲ. ಸರ್ಟಿಫಿಕೇಟಿನ ತಾರೀಕು ಇನ್ನೂ ಮುಂದಿದೆ ಅಂತ ಅದರ ಲೆಕ್ಕ. ಹೊಸಬರು ಇಲ್ಲಿ ಲಿನಕ್ಸ್ ಸರಿಯಿಲ್ಲ ಅಂತ ಬಿಟ್ಟುಬಿಡುತ್ತಾರೆ. ತಪ್ಪು ಸಣ್ಣ ಬ್ಯಾಟರಿಯದು. ಬದಲಾಯಿಸಿದ ಮೇಲೆ ಬಯಾಸ್‌ಗೆ ಹೋಗಿ ತಾರೀಕು ಕೂರಿಸಬೇಕು.

ಅದೇ ಮಷೀನಿಗೆ ರ‍್ಯಾಮ್ ಹಾಕುವುದು ಇನ್ನೊಂದು ಕಥೆ. 2 ಜಿಬಿಯಲ್ಲಿ ಡೆಸ್ಕ್‌ಟಾಪ್ ಚೆನ್ನಾಗಿಯೇ ಓಡುತ್ತದೆ. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಮುಗಿಯಿತು. 4 ಜಿಬಿ ಡಿಡಿಆರ್3 ಕಡ್ಡಿ ತಂದು ಹಾಕಿದರೆ ಬೀಪ್ ಬೀಪ್, ಪರದೆ ಕಪ್ಪು. ಅದೇ ಕಡ್ಡಿ ಎಚ್61ರಲ್ಲಿ ಸರಿಯಾಗಿ ನಡೆಯುತ್ತದೆ! ಜಿ41 ಚಿಪ್‌ಸೆಟ್ಟಿಗೆ ಒಂದೊಂದು ಮೆಮೊರಿ ಚಿಪ್ಪು 2 ಗಿಗಾಬಿಟ್ ಮೀರಬಾರದು. ಈಗ ಸಿಗುವ 4 ಜಿಬಿ ಕಡ್ಡಿಗಳಲ್ಲಿ ಎಂಟೇ ಚಿಪ್ಪು, ಒಂದೊಂದೂ 4 ಗಿಗಾಬಿಟ್. ಅದಕ್ಕೆ ಬೇಕಾದದ್ದು ಎರಡೂ ಬದಿ ಸೇರಿ ಹದಿನಾರು ಚಿಪ್ಪು ಇರುವ ಹಳೆ ಕಡ್ಡಿ. ಅಂಗಡಿಯವರಿಗೆ ಫೋನಿನಲ್ಲಿ "4 ಜಿಬಿ ಡಿಡಿಆರ್3" ಅಂದರೆ ಸಾಲದು, "ಎರಡೂ ಬದಿ ಚಿಪ್ಪು ಇರೋದು, ಹದಿನಾರು ಎಣಿಸಿ ಕೊಡ್ರಿ" ಅನ್ನಬೇಕು. ಹೊಸ ಕಡ್ಡಿಯನ್ನು ಕೌಂಟರ್ ಮಷೀನಿಗೆ ಹಾಕಿದೆ, ಅದು 8 ಜಿಬಿ ಆಯಿತು. ಒಳಗಿನದಕ್ಕೆ ಸೆಕೆಂಡ್‌ಹ್ಯಾಂಡ್ ಹದಿನಾರು ಚಿಪ್ಪಿನದು ಸಿಕ್ಕಿತು.

ಇನ್ನು ಪ್ರಿಂಟರು. ಈ ಅಂಗಡಿ ಬದುಕಿರೋದೇ ಪ್ರಿಂಟರ್ ಮೇಲೆ. ಎರಡಿವೆ: ಎಚ್‌ಪಿ ಲೇಸರ್‌ಜೆಟ್ 1020 ಪ್ಲಸ್ ಮತ್ತು ಕ್ಯಾನನ್ ಎಲ್‌ಬಿಪಿ 2900. ನಮ್ಮ ಕಡೆ ಯಾವ ಝೆರಾಕ್ಸ್ ಅಂಗಡಿಗೆ ಹೋದರೂ ಈ ಎರಡರಲ್ಲಿ ಒಂದು ಇದ್ದೇ ಇರುತ್ತದೆ.

1020ನ್ನು ಚುಚ್ಚಿದ ಕೂಡಲೇ ಮಿಂಟ್ ಗುರುತು ಹಿಡಿಯಿತು, ಹೆಸರು ಬಂತು, ಟೆಸ್ಟ್ ಪೇಜ್ ಕಳಿಸಿದೆ. ಕಳಿಸಿದೆ ಅಂತ ತೋರಿಸಿತು. ಪ್ರಿಂಟರ್ ಮಿಸುಕಲಿಲ್ಲ. ಎರರ್ ಕೂಡ ಇಲ್ಲ.

ಇದರ ಗುಟ್ಟು ಪ್ರಿಂಟರ್ ಒಳಗಿದೆ. 1020ರಲ್ಲಿ ಫರ್ಮ್‌ವೇರ್ (ಪ್ರಿಂಟರನ್ನು ಒಳಗಿನಿಂದ ನಡೆಸುವ ಪ್ರೋಗ್ರಾಂ) ಶಾಶ್ವತವಾಗಿ ಉಳಿಯುವುದಿಲ್ಲ. ಪ್ರತಿ ಸಲ ಆನ್ ಆದಾಗ ಕಂಪ್ಯೂಟರು ಅದಕ್ಕೆ ಫರ್ಮ್‌ವೇರ್ ತುಂಬಬೇಕು. ವಿಂಡೋಸಿನ ಡ್ರೈವರ್ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿತ್ತು. ಲಿನಕ್ಸಿನಲ್ಲಿ ಎಚ್‌ಪಿಲಿಪ್ ಅನ್ನುವ ಪ್ಯಾಕೇಜ್ ಇದೆ, ಮಿಂಟಿನಲ್ಲಿ ಮೊದಲೇ ಬರುತ್ತದೆ. ಆದರೆ ಆ ಫರ್ಮ್‌ವೇರ್ ಓಪನ್ ಸೋರ್ಸ್ ಅಲ್ಲ. ಹಾಗಾಗಿ ಅದು ಪ್ಯಾಕೇಜಿನ ಜೊತೆ ಬರುವುದಿಲ್ಲ, ಪ್ಲಗಿನ್ ಅಂತ ಬೇರೆಯಾಗಿ ಇಳಿಸಬೇಕು. ಟರ್ಮಿನಲ್ಲಿನಲ್ಲಿ ಎಚ್‌ಪಿ-ಪ್ಲಗಿನ್ ಆಜ್ಞೆ ಕೊಟ್ಟು, ಷರತ್ತಿಗೆ ಒಪ್ಪಿ, ಪಾಸ್‌ವರ್ಡ್ ಹಾಕಿದರೆ ಇಳಿಯುತ್ತದೆ. ಆಮೇಲೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದೆ. ಒಳಗೆ ಗುರ್ರ್ ಅಂದಿತು. ಅಂದರೆ ಫರ್ಮ್‌ವೇರ್ ಹೋಯಿತು ಅಂತ ಅರ್ಥ. ಪ್ರಿಂಟ್ ಬಂತು.

ಒಂದು ವಿಷಯ ನೆನಪಿಡಿ. ಪ್ಲಗಿನ್ನಿನ ಆವೃತ್ತಿ ಎಚ್‌ಪಿಲಿಪ್ ಆವೃತ್ತಿಗೆ ಸರಿಹೊಂದಲೇಬೇಕು. ಮುಂದೆ ಯಾವಾಗಲಾದರೂ ಅಪ್‌ಗ್ರೇಡ್ ಆಗಿ ಎಚ್‌ಪಿಲಿಪ್ ಬದಲಾದರೆ ಪ್ರಿಂಟರ್ ಮತ್ತೆ ಮೌನ. ಆಗ ಪ್ಲಗಿನ್ ಮತ್ತೊಮ್ಮೆ ಇಳಿಸಿದರಾಯಿತು.

ಕರೆಂಟ್ ಹೋದಾಗ ಇನ್ನೊಂದು ತಂಟೆ. ಕಂಪ್ಯೂಟರಿಗೆ ಯುಪಿಎಸ್ ಇದೆ, ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕುವಂತಿಲ್ಲ, ಬಿಸಿಯಾಗುವಾಗ ಅದು ಎಳೆಯುವ ಕರೆಂಟು ಸಣ್ಣ ಯುಪಿಎಸ್ ತಡೆಯುವುದಿಲ್ಲ. ಹಾಗಾಗಿ ಪ್ರಿಂಟರ್ ಸಾಯುತ್ತದೆ, ಕಂಪ್ಯೂಟರ್ ಬದುಕಿರುತ್ತದೆ. ಕರೆಂಟ್ ಬಂದ ಮೇಲೆ ನೋಡಿದರೆ ಪ್ರಿಂಟರನ್ನು ಲಿನಕ್ಸ್ ತಾತ್ಕಾಲಿಕವಾಗಿ ನಿಲ್ಲಿಸಿರುತ್ತದೆ, ಕೆಲಸಗಳು ಸಾಲಾಗಿ ಕಾಯುತ್ತಿರುತ್ತವೆ. ಗಿರಾಕಿ ಇನ್ನೊಮ್ಮೆ ಒತ್ತಿ ಅನ್ನುತ್ತಾನೆ, ಅಕ್ಕ ಇನ್ನೊಮ್ಮೆ ಒತ್ತುತ್ತಾಳೆ. ರಿಸ್ಯೂಮ್ ಮಾಡಿದಾಗ ಒಂದೇ ಪಹಣಿ ಆರು ಸಲ ಬರುತ್ತದೆ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಕೋಲನ್, 631 ಅಂತ ಹೊಡೆದರೆ ಕಪ್ಸ್ ಪುಟ ತೆರೆಯುತ್ತದೆ. ಪ್ರಿಂಟ್ ವ್ಯವಸ್ಥೆ ಪೂರ್ತಿ ಅಲ್ಲಿಂದಲೇ ನಡೆಯೋದು. ಅಲ್ಲಿ ಪ್ರಿಂಟರಿನ ಎರರ್ ಪಾಲಿಸಿಯನ್ನು, ಎಡವಟ್ಟಾದರೆ ನಿಲ್ಲಿಸುವ ಬದಲು ಅದೇ ಕೆಲಸ ಮತ್ತೆ ಕಳಿಸು ಅನ್ನುವುದಕ್ಕೆ ಬದಲಾಯಿಸಿದೆ. ಆ ಪುಟಕ್ಕೆ ಬುಕ್‌ಮಾರ್ಕ್ ಮಾಡಿ "ಪ್ರಿಂಟರ್ ಸುಮ್ನಿದ್ರ ಇಲ್ಲಿ ನೋಡ್ರಿ" ಅಂತ ಹೆಸರಿಟ್ಟೆ.

ಕ್ಯಾನನ್ 2900ರ ಭಾಷೆ ಬೇರೆ, ಕ್ಯಾಪ್ಟ್ ಅನ್ನುತ್ತಾರೆ. ಅದಕ್ಕೆ ಕಂಪನಿಯದೇ ಹಳೆ ಲಿನಕ್ಸ್ ಡ್ರೈವರ್ ಇದೆ, ಹವ್ಯಾಸಿಗಳು ಬರೆದ ಓಪನ್ ಸೋರ್ಸ್ ಡ್ರೈವರೂ ಇದೆ. ನಾನು ಎರಡಕ್ಕೂ ಹೋಗಲಿಲ್ಲ. ಪೇಜ್‌ಮೇಕರ್ ಮಷೀನು ಹೇಗೂ ವಿಂಡೋಸಿನಲ್ಲೇ ಇದೆ, 2900ನ್ನು ಅದಕ್ಕೆ ಚುಚ್ಚಿದೆ. ಅದರ ಹತ್ತಿರ ಇದ್ದ 1020 ಕೌಂಟರಿಗೆ ಬಂತು. ಡ್ರೈವರ್ ಸಮಸ್ಯೆಯನ್ನು ಕೇಬಲ್ ಬದಲಾಯಿಸಿ ಬಗೆಹರಿಸಬಹುದಾದರೆ ಹಾಗೇ ಮಾಡಬೇಕು.

ಲ್ಯಾಪ್‌ಟಾಪಿಗೆ ಬರೋಣ. ಬೆರಳಚ್ಚು ಸಾಧನಕ್ಕಾಗಿ ಇಲ್ಲಿ ಮಾತ್ರ ಡ್ಯುಯಲ್ ಬೂಟ್. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಸಿ ಡ್ರೈವನ್ನು ಕುಗ್ಗಿಸಿ, ಫಾಸ್ಟ್ ಸ್ಟಾರ್ಟಪ್ ತೆಗೆದು, ಖಾಲಿ ಜಾಗದಲ್ಲಿ ಮಿಂಟ್ ಹಾಕಿದೆ. ವೈಫೈ ಇಲ್ಲ. ಒಳಗಿದ್ದದ್ದು ಬ್ರಾಡ್‌ಕಾಮ್ ಬಿಸಿಎಂ43142 ಚಿಪ್ಪು. ಅದರ ಡ್ರೈವರ್ ನೆಟ್‌ನಿಂದ ಇಳಿಸಬೇಕು, ನೆಟ್ ಬೇಕೆಂದರೆ ಡ್ರೈವರ್ ಬೇಕು! ಫೋನಿಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಯಾವ ಡ್ರೈವರೂ ಇಲ್ಲದೆ ನೆಟ್ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆಗೆದು ಬ್ರಾಡ್‌ಕಾಮ್ ಡ್ರೈವರ್ ಟಿಕ್ ಮಾಡಿದೆ.

ನಂಬಿಕೆಯ ಸಹಿ ಇಲ್ಲದ ಸಾಫ್ಟ್‌ವೇರನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದದ್ದರಿಂದ ಒಂದು ಪಾಸ್‌ವರ್ಡ್ ಇಟ್ಟುಕೊಳ್ಳಿ ಅಂತ ಕೇಳಿತು. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ, ಕೆಲವೇ ಸೆಕೆಂಡ್ ಇರುತ್ತದೆ. ಆಗ ಒಂದು ಕೀ ಒತ್ತಿ, ಎನ್‌ರೋಲ್ ಮಾಕ್ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಡ್ರೈವರಿಗೆ ಸಹಿ ಹಾಕಿದ ಕೀಲಿಯನ್ನು ಮಷೀನು ನಂಬುವಂತೆ ಮಾಡುವುದು ಇದರ ಉದ್ದೇಶ. ವೈರಸ್ ಬಂತು ಅಂದುಕೊಂಡು ಬಹಳ ಜನ ಆ ನೀಲಿ ಪರದೆಯನ್ನು ದಾಟಿಸಿಬಿಡುತ್ತಾರೆ. ದಾಟಿಸಿದರೆ ಡ್ರೈವರ್ ಇದ್ದರೂ ಲೋಡ್ ಆಗುವುದಿಲ್ಲ, ವೈಫೈ ಐಕಾನೇ ಕಾಣುವುದಿಲ್ಲ.

ವೈಫೈ ಬಂತು, ಗಡಿಯಾರ ಕೆಟ್ಟಿತು. ಲಿನಕ್ಸಿನಿಂದ ವಿಂಡೋಸಿಗೆ ಹೋದರೆ ಬೆಳಗ್ಗೆ ಹತ್ತಕ್ಕೆ ನಾಲ್ಕೂವರೆ ತೋರಿಸುತ್ತದೆ. ಐದೂವರೆ ಗಂಟೆ ವ್ಯತ್ಯಾಸ ಅಂದ ಕೂಡಲೇ ಗೊತ್ತಾಗುತ್ತದೆ, ಅಲ್ವಾ? ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಇಡುವುದು ಯುಟಿಸಿ, ಅಂದರೆ ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಳ್ಳುತ್ತದೆ. ಟೈಮ್‌ಡೇಟ್‌ಸಿಟಿಎಲ್ ಆಜ್ಞೆಗೆ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಕೊಟ್ಟರೆ ಲಿನಕ್ಸ್ ಹೊಂದಿಕೊಳ್ಳುತ್ತದೆ. ಬೆರಳಚ್ಚಿನ ಕೆಲಸ ಇದ್ದಾಗ ಮಾತ್ರ ವಿಂಡೋಸ್, ಉಳಿದ ಹೊತ್ತು ಮಿಂಟ್ ಅಂತ ಅಕ್ಕನಿಗೆ ಹೇಳಿದ್ದೇನೆ.

ಕನ್ನಡ ಟೈಪಿಂಗಿಗೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಅಕ್ಕ ನುಡಿ ತಂತ್ರಾಂಶದ ಕಗಪ ಕೀಲಿ ವಿನ್ಯಾಸದಲ್ಲಿ ಕೀಬೋರ್ಡ್ ನೋಡದೆ ಟೈಪ್ ಮಾಡುತ್ತಾಳೆ. ಒತ್ತಕ್ಷರಕ್ಕೆ ಎಫ್ ಒತ್ತುವುದು ಅವಳ ಬೆರಳಿಗೇ ಗೊತ್ತು. ಮಿಂಟಿನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಕಗಪ ಅಂತ ಒಂದು ಲೇಔಟ್ ಇದೆ, ಮೊದಲು ಅದನ್ನೇ ಹಾಕಿಕೊಟ್ಟೆ.

"ಏನೋ ಇದು, 'ಇಲ್ಲಿ' ಅಂತ ಹೊಡದ್ರ ಗುಡಿಸು ಅಷ್ಟ ಬರಾಕತ್ತೈತಿ!"

ನಿಜ. ಆ ಲೇಔಟಿನಲ್ಲಿ ಒಂದು ಕೀಗೆ ಒಂದೇ ಅಕ್ಷರ. ಐ ಒತ್ತಿದರೆ ಗುಡಿಸು ಮಾತ್ರ ಬೀಳುತ್ತದೆ, ಸ್ವರ 'ಇ' ಬೇಕೆಂದರೆ ಬಲಗಡೆಯ ಆಲ್ಟ್ ಹಿಡಿದು ಒತ್ತಬೇಕು. ಪದದ ಮೊದಲಲ್ಲಿದ್ದರೆ ಸ್ವರ, ವ್ಯಂಜನದ ಪಕ್ಕದಲ್ಲಿದ್ದರೆ ಗುಣಿತ ಅಂತ ನುಡಿ ತಾನೇ ತಿಳಿದುಕೊಳ್ಳುತ್ತಿತ್ತು. ಆ ಬುದ್ಧಿ ಬೇಕೆಂದರೆ ಲೇಔಟ್ ಸಾಲದು, ಒತ್ತಿದ ಕೀಗಳನ್ನು ನೋಡಿ ಅಕ್ಷರ ತೀರ್ಮಾನಿಸುವ ಇನ್‌ಪುಟ್ ಮೆಥಡ್ ಬೇಕು. ಐಬಸ್ ಮತ್ತು ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಮಿಂಟಿನ ಇನ್‌ಪುಟ್ ಮೆಥಡ್ ಕಿಟಕಿಯಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬಂದು, ಕನ್ನಡದ ಕೆಳಗೆ ಕೆಜಿಪಿ ಅಂತ ಇರುವುದನ್ನು ಸೇರಿಸಿದೆ. ಭಾಷೆ ಬದಲಾಯಿಸುವ ಕೀಯನ್ನು ಸ್ಕ್ರಾಲ್ ಲಾಕ್‌ಗೆ ಇಟ್ಟೆ, ಅವಳ ಬೆರಳು ಅಲ್ಲಿಗೇ ಹೋಗುತ್ತಿತ್ತು. ಮರುಕ್ಷಣ ಅರ್ಧ ಪುಟ ಹೊಡೆದಳು.

ಆಮೇಲೆ ಸಿಕ್ಕಿದ್ದು ರ‍್ಯಾಲಿ. ರ, ಎಫ್, ಯ ಹೊಡೆದರೆ ಯೂನಿಕೋಡಿನಲ್ಲಿ ಅರ್ಕಾವತ್ತು ಬರುತ್ತದೆ: ರ್ಯಾಲಿ. ಸೂರ್ಯ, ಕಾರ್ಯಕ್ಕೆ ಅದೇ ಬೇಕು. ರ‍್ಯಾಂಕ್, ರ‍್ಯಾಲಿಗೆ ಬೇಡ. ರ ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು, ಅದರ ಸಂಕೇತ 200ಡಿ. ಲಿಬ್ರೆ ಆಫೀಸ್ ರೈಟರಿನಲ್ಲಿ 200ಡಿ ಅಂತ ಇಂಗ್ಲಿಷಿನಲ್ಲಿ ಹೊಡೆದು ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಅದು ಬರುತ್ತದೆ. ದಿನವೂ ಇದನ್ನು ಯಾರು ಮಾಡುತ್ತಾರೆ? ಅಂಥ ಪದಗಳನ್ನು ರೈಟರಿನ ಆಟೋಕರೆಕ್ಟ್ ಪಟ್ಟಿಗೆ ಹಾಕಿಬಿಟ್ಟೆ. ತಪ್ಪು ರೂಪ ಹೊಡೆದು ಸ್ಪೇಸ್ ಕೊಟ್ಟರೆ ಸರಿಯಾದದ್ದು ಬರುತ್ತದೆ.

ರೈಟರಿನಲ್ಲಿ ಇನ್ನೊಂದು ಕಿರಿಕಿರಿ ಇದೆ. ಕನ್ನಡ ಅದಕ್ಕೆ ಸಂಕೀರ್ಣ ಲಿಪಿ. ಇಂಗ್ಲಿಷ್ ಫಾಂಟು ಬೇರೆ, ಕನ್ನಡ ಫಾಂಟು ಬೇರೆ, ಸೈಜೂ ಬೇರೆ. ಆಪ್ಷನ್ಸ್‌ನಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟಿಗೆ ಕನ್ನಡ ಅಂತ ಕೊಟ್ಟು, ಡೀಫಾಲ್ಟ್ ಫಾಂಟ್ ಅಲ್ಲೇ ಕೂರಿಸಿದರೆ ಮಾತ್ರ ಬಾಂಡ್ ಪೇಪರಿನಲ್ಲಿ ಸಾಲುಗಳು ನೇರ ಬರುತ್ತವೆ. ನಾವು ಗುಬ್ಬಿ ಫಾಂಟ್ ಇಟ್ಟೆವು. ಕಾಕಾನಿಗೆ ನವಿಲು ಚೆಂದ ಅನಿಸಿತು, ಆದರೆ ಬಾಂಡಿಗೆ ಅಷ್ಟು ಅಲಂಕಾರ ಬೇಡ ಅಂತ ಅಕ್ಕ ಗೆದ್ದಳು.

ಹಳೆ ನುಡಿ ಫೈಲುಗಳು ತೆರೆದಾಗ ಇಂಗ್ಲಿಷ್ ಅಕ್ಷರದ ಗೋಜಲು ಕಂಡಿತು. ಫೈಲ್ ಹಾಳಾಗಿಲ್ಲ. ಆ ಫೈಲಿನಲ್ಲಿ ಇರೋದೇ ಇಂಗ್ಲಿಷ್ ಅಕ್ಷರ, ಫಾಂಟ್ ಅದಕ್ಕೆ ಕನ್ನಡದ ಮುಖವಾಡ ಹಾಕುತ್ತದೆ. ಹಳೆ ಡಿಸ್ಕಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಹೋಮಿನ ಒಳಗಿನ ಡಾಟ್ ಫಾಂಟ್ಸ್ ಫೋಲ್ಡರಿಗೆ ಹಾಕಿದ ಮೇಲೆ ಓದಲು, ಪ್ರಿಂಟ್ ತೆಗೆಯಲು ತೊಂದರೆ ಇಲ್ಲ. ತಿದ್ದಬೇಕಾದದ್ದನ್ನು ಮಾತ್ರ ಕನ್ವರ್ಟರಿನಿಂದ ಯೂನಿಕೋಡಿಗೆ ತರುತ್ತೇವೆ. ಆಗ ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳು, ಕಂಪನಿ ಹೆಸರು, ಮೇಲ್ ವಿಳಾಸ ಎಲ್ಲಾ ಅರ್ಥವಿಲ್ಲದ ಕನ್ನಡ ಆಗುತ್ತವೆ. ಬರೀ ಅಕ್ಷರ ನೋಡಿ ಯಾವುದು ಯಾವುದು ಅಂತ ಕನ್ವರ್ಟರಿಗೆ ಗೊತ್ತಾಗುವುದಿಲ್ಲ. ಕರಾರುಪತ್ರದಲ್ಲಿ ಹೆಸರು, ಸರ್ವೆ ನಂಬರ್ ಎರಡು ಸಲ ಓದಿಯೇ ಪ್ರಿಂಟ್ ಕೊಡಬೇಕು.

ಕೊನೆಗೆ ಅಕ್ಕನಿಗೆ ನಿಜಕ್ಕೂ ಇಷ್ಟವಾದದ್ದು ಇದ್ಯಾವುದೂ ಅಲ್ಲ. ಅರ್ಜಿಗೆ ಫೋಟೋ 50 ಕೆಬಿ ಒಳಗೆ ಇರಬೇಕು ಅಂತ ಸೈಟ್ ಕೇಳುತ್ತದೆ. ಮೊದಲು ಯಾವುದೋ ವೆಬ್‌ಸೈಟಿಗೆ ಗಿರಾಕಿಯ ಫೋಟೋ ಹಾಕಿ, ಜಾಹೀರಾತು ದಾಟಿ, ಕುಗ್ಗಿಸಿ ಇಳಿಸುತ್ತಿದ್ದರು. ಎಕ್ಸ್‌ಎಫ್‌ಸಿಇಯ ಫೈಲ್ ಮ್ಯಾನೇಜರ್ ಥುನಾರ್. ಅದರಲ್ಲಿ ಕಸ್ಟಮ್ ಆಕ್ಷನ್ ಅಂತ ಇದೆ, ರೈಟ್ ಕ್ಲಿಕ್ ಮೆನುವಿಗೆ ನಮ್ಮದೇ ಆಜ್ಞೆ ಸೇರಿಸಬಹುದು. ಫೋಟೋ ತಿದ್ದುವ ಇಮೇಜ್‌ಮ್ಯಾಜಿಕ್ ಹಾಕಿ, ಅಳತೆ ಇಳಿಸಿ ಜೆಪೆಗ್ ಎಕ್ಸ್‌ಟೆಂಟ್ (ಫೈಲಿನ ಗಾತ್ರದ ಮಿತಿ) 50 ಕೆಬಿಗೆ ಕಟ್ಟಿ, ಬೇರೆ ಹೆಸರಿನಲ್ಲಿ ಉಳಿಸುವಂತೆ ಒಂದು ಸಾಲು ಬರೆದೆ. ಮೆನುವಿನಲ್ಲಿ ಅದರ ಹೆಸರು "ಫೋಟೋ 50". ಮೂಲ ಫೋಟೋ ಹಾಗೇ ಇರುತ್ತದೆ, ಗಿರಾಕಿಯ ಫೋಟೋ ಅಂಗಡಿ ಬಿಟ್ಟು ಹೊರಗೆ ಹೋಗುವುದಿಲ್ಲ.

ಅದನ್ನು ನೋಡಿದ ಮೇಲೆ ಪಟ್ಟಿ ಬೆಳೆಯಿತು. ಸಹಿಗೆ 20 ಕೆಬಿಯದು ಅದೇ ದಿನ ಮಾಡಿಕೊಟ್ಟೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಕುಗ್ಗಿಸುವುದು ಬಾಕಿ ಇದೆ. ಘೋಸ್ಟ್‌ಸ್ಕ್ರಿಪ್ಟ್ ಅನ್ನೋ ಪ್ರೋಗ್ರಾಂನಲ್ಲಿ ಆಗುತ್ತದೆ, ಆದರೆ ಮಾರ್ಕ್ಸ್‌ಕಾರ್ಡಿನ ಸಣ್ಣ ಅಕ್ಷರ ಓದುವ ಹಾಗಿರಬೇಕು, ಅದಕ್ಕೆ ಎಷ್ಟು ಡಿಪಿಐ ಸಾಕು ಅಂತ ಇನ್ನೂ ಪ್ರಿಂಟ್ ತೆಗೆದು ನೋಡುತ್ತಿದ್ದೇವೆ.